ಅಳತೆ ಬ್ಲೌಸ್ ಬೇಡ, ಮೈ ಅಳತೆ ಕೊಡಿ

ಹಾಸನದ ಯಾವುದೇ ಲೇಡೀಸ್ ಟೈಲರ್ ಅಂಗಡಿಗೆ ಹೋಗಿ ನೋಡಿ. ಬರುವ ಹೆಂಗಸರ ಕವರಿನಲ್ಲಿ ಎರಡು ವಸ್ತು ಇದ್ದೇ ಇರುತ್ತವೆ. ಒಂದು ಹೊಸ ಸೀರೆಯ ಬ್ಲೌಸ್ ಪೀಸ್. ಇನ್ನೊಂದು ಅಳತೆ ಬ್ಲೌಸ್. "ಇದೇ ಅಳತೆಗೆ ಹೊಲೀರಿ, ಸ್ವಲ್ಪ ಲೂಸ್ ಇರ್ಲಿ" ಅಂತ ಹೇಳಿ ಬಂದರೆ ಕೆಲಸ ಮುಗಿಯಿತು. ಆ ಅಳತೆ ಬ್ಲೌಸ್ ಎಷ್ಟು ಹಳೆಯದು ಅಂತ ಯಾರೂ ಕೇಳುವುದಿಲ್ಲ. ಮಗಳ ನಾಮಕರಣಕ್ಕೆ ಹೊಲಿಸಿದ್ದಿರಬಹುದು. ಆ ಮಗಳು ಈಗ ಇಂಜಿನಿಯರಿಂಗ್ ಓದುತ್ತಿರಬಹುದು.

ನಲವತ್ತೈದು ದಾಟಿದ ಮೇಲೆ ನಮ್ಮ ಕಡೆಯ ಎಷ್ಟೋ ಹೆಂಗಸರು ಇದ್ದಕ್ಕಿದ್ದಂತೆ ಹತ್ತು ವರ್ಷ ಜಾಸ್ತಿ ವಯಸ್ಸಾದವರ ಹಾಗೆ ಕಾಣುತ್ತಾರೆ. ಅದಕ್ಕೆ ಬಿಳಿ ಕೂದಲು ಕಾರಣ ಅಲ್ಲ, ಮುಖದ ಸುಕ್ಕೂ ಕಾರಣ ಅಲ್ಲ. ಈ ಹಳೇ ಅಳತೆ ಕಾರಣ. ಇದು ನನ್ನ ಗಟ್ಟಿ ಅಭಿಪ್ರಾಯ. ಮೈ ಬದಲಾಗಿದೆ, ಬಟ್ಟೆಯನ್ನು ಇನ್ನೂ ಇಪ್ಪತ್ತೆಂಟರ ಮೈಗೆ ಹೊಲಿಸುತ್ತಿದ್ದೇವೆ. ಅದು ಎಲ್ಲೋ ಬಿಗಿಯುತ್ತದೆ, ಎಲ್ಲೋ ಜೋಲುತ್ತದೆ. ಆಮೇಲೆ ಕನ್ನಡಿ ನೋಡಿ, ನನಗೇ ವಯಸ್ಸಾಯ್ತು ಅಂದುಕೊಳ್ಳುತ್ತೇವೆ.

ನನ್ನ ಅತ್ತಿಗೆಯ ಕಥೆ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರಿಗೆ ಐವತ್ತು ದಾಟಿದೆ, ಟೀಚರ್ ಕೆಲಸ. ಒಂದು ಕಾಲಕ್ಕೆ ಮದುವೆ ಮನೆಯಲ್ಲಿ ಅವರು ಯಾವ ಸೀರೆ ಉಟ್ಟು ಬರುತ್ತಾರೆ ಅಂತ ನಾವೆಲ್ಲ ಕಾಯುತ್ತಿದ್ದೆವು. ಈಚೆಗೆ ಫಂಕ್ಷನ್‌ಗಳಿಗೆ ಬರುವುದನ್ನೇ ಕಡಿಮೆ ಮಾಡಿದ್ದರು. ಕೇಳಿದರೆ ಮಂಡಿನೋವು ಅನ್ನುವರು, ಇಲ್ಲವಾದರೆ ಪೇಪರ್ ತಿದ್ದುವುದಿದೆ ಅನ್ನುವರು. ಗೌರಿ ಹಬ್ಬಕ್ಕೆ ಹೋಗಿದ್ದಾಗ ಬೀರು ಮುಂದೆ ನಿಂತು ನಿಜ ಹೇಳಿದರು.

"ಯಾವ ಬ್ಲೌಸೂ ಆಗಲ್ಲ ಕಣೆ. ಆದ್ರೂ ನೋಡೋಕೆ ಲಕ್ಷಣವಾಗಿಲ್ಲ. ಬಿಡು, ಈ ವಯಸ್ಸಲ್ಲಿ ನನ್ನ ಯಾರು ನೋಡ್ಬೇಕು."

ಆ ಮಾತು ಕೇಳಿ ಹೊಟ್ಟೆ ಉರಿಯಿತು. ಬೀರು ತುಂಬ ಒಳ್ಳೊಳ್ಳೆ ಸೀರೆ. ಉಡುವ ಆಸೆಯೂ ಇದೆ. ಒಂದು ತುಂಡು ಬಟ್ಟೆ ಸರಿ ಕೂರುವುದಿಲ್ಲ ಅಂತ ಮನೆಯಿಂದ ಹೊರಗೆ ಹೋಗುವುದನ್ನೇ ಬಿಡುತ್ತಿದ್ದಾರಲ್ಲ!

ಅವರ ಬ್ಲೌಸ್‌ಗಳನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ಪಕ್ಕದ ಹೊಲಿಗೆಯ ಹತ್ತಿರ ಮೂರು ಸಾಲು ಸೂಜಿ ತೂತು. ಒಂದೊಂದು ಸಾಲೂ ಒಂದೊಂದು ಸಲ ಹೊಲಿಗೆ ಬಿಚ್ಚಿಸಿದ ಗುರುತು. ಕೊನೆಯ ಹೊಲಿಗೆ ಬಟ್ಟೆಯ ಅಂಚಿಗೇ ಬಂದಿತ್ತು. ಒಳಗೆ ಮಡಚಿಕೊಂಡಿದ್ದ ಬಟ್ಟೆ ಹೊಸದರ ಬಣ್ಣದಲ್ಲೇ ಇದೆ, ಉಳಿದದ್ದು ಮಾಸಿದೆ. ಹಾಗಾಗಿ ಕಂಕುಳ ಕೆಳಗೆ ಉದ್ದಕ್ಕೂ ಗಾಢ ಬಣ್ಣದ ಪಟ್ಟಿ. ನಮ್ಮ ಎಷ್ಟು ಮನೆಗಳ ಬೀರುವಿನಲ್ಲಿ ಇಂಥ ಪಟ್ಟಿ ಇರುವ ಬ್ಲೌಸ್‌ಗಳಿವೆ ಅಲ್ವಾ?

ಕಟ್ಟಿನಕೆರೆ ಮಾರ್ಕೆಟ್ ಕಡೆ ಒಬ್ಬರು ಟೈಲರ್ ಇದ್ದಾರೆ. ಅತ್ತಿಗೆಯನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಅತ್ತಿಗೆ ಅಭ್ಯಾಸದಂತೆ ಕವರ್ ಮುಂದೆ ಚಾಚಿದರು. ಟೈಲರ್ ಅದನ್ನು ಬಿಚ್ಚಿಯೂ ನೋಡಲಿಲ್ಲ.

"ಅಳತೆ ಬ್ಲೌಸ್ ಬೇಡ ಮೇಡಂ. ಮೈ ಅಳತೆ ತಗೋತೀನಿ, ಒಳಗೆ ಬನ್ನಿ."

ಪರದೆಯ ಹಿಂದೆ ಟೇಪ್ ಹಿಡಿದು ಒಂದೊಂದೇ ಅಳತೆ ಹೇಳುತ್ತಾ ಹೋದರು. ಅವರ ಜೊತೆಯ ಹುಡುಗಿ ಬರೆದುಕೊಂಡಳು. ಭುಜ, ಎದೆ, ಎದೆಯ ಕೆಳಗಿನ ಸುತ್ತು, ಆರ್ಮ್‌ಹೋಲ್ ಅಂದರೆ ತೋಳು ಜೋಡಿಸುವ ಜಾಗದ ಸುತ್ತು, ತೋಳಿನ ದಪ್ಪ, ಮುಂದಿನ ಕತ್ತು, ಹಿಂದಿನ ಕತ್ತು. ಆಮೇಲೆ ಭುಜದಿಂದ ಎದೆಯ ತುದಿಯವರೆಗೆ ಟೇಪ್ ಇಳಿಸಿ ಸ್ವಲ್ಪ ಹೊತ್ತು ನಿಂತರು.

"ಟಕ್ಸ್ ಪಾಯಿಂಟ್ ಒಂದಿಂಚಿಗಿಂತ ಜಾಸ್ತಿ ಇಳಿದಿದೆ ಮೇಡಂ. ಎಲ್ರಿಗೂ ಇಳಿಯುತ್ತೆ, ಬೇಜಾರು ಮಾಡ್ಕೋಬೇಡಿ. ನೀವು ಪಕ್ಕ ಎಷ್ಟು ಸಲ ಬಿಚ್ಚಿಸಿದ್ರೂ ಇದು ಸರಿಹೋಗಲ್ಲ."

ವಿಷಯ ಇರುವುದೇ ಇಲ್ಲಿ. ಪಕ್ಕದ ಹೊಲಿಗೆ ಬಿಚ್ಚಿದರೆ ಸುತ್ತಳತೆ ಮಾತ್ರ ಹೆಚ್ಚುತ್ತದೆ. ಟಕ್ಸ್, ಅಂದರೆ ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹಾಕುವ ಹೊಲಿಗೆ, ಹಳೇ ಜಾಗದಲ್ಲೇ ಉಳಿಯುತ್ತದೆ, ಎದೆ ಅದರ ಕೆಳಗೆ ಇರುತ್ತದೆ. ಆಗ ಮೇಲೆ ಬಟ್ಟೆ ಉಬ್ಬುತ್ತದೆ, ಕೆಳಗೆ ಚಪ್ಪಟೆಯಾಗುತ್ತದೆ. ಆರ್ಮ್‌ಹೋಲ್ ಚಿಕ್ಕದಾಗಿಯೇ ಉಳಿದರೆ ಕಂಕುಳಿಂದ ಎದೆಯ ಕಡೆಗೆ ಓರೆ ಸುಕ್ಕು ಬೀಳುತ್ತದೆ, ತೋಳು ಎತ್ತಿದರೆ ಇಡೀ ಬ್ಲೌಸ್ ಮೇಲೆ ಏರುತ್ತದೆ. ಆ ವಯಸ್ಸಿಗೆ ಎಷ್ಟೋ ಜನರ ಬೆನ್ನಿನ ಮೇಲ್ಭಾಗ ಸ್ವಲ್ಪ ಬಾಗಿರುತ್ತದೆ, ಹಾಗಾಗಿ ಹಿಂದಿನ ಕತ್ತು ಬಾಯಿ ಬಿಡುತ್ತದೆ. ಇದೆಲ್ಲ ಸೇರಿದಾಗ ಎಂಥ ಒಳ್ಳೆ ಸೀರೆ ಉಟ್ಟರೂ ಅಸ್ತವ್ಯಸ್ತವಾಗಿ ಕಾಣುತ್ತದೆ. ಅದು ಮೈಯ ತಪ್ಪಲ್ಲ, ಕತ್ತರಿಯ ತಪ್ಪು.

ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47. ಪಶ್ಚಿಮದ ದೇಶಗಳಲ್ಲಿ ಅದು 51ರ ಆಸುಪಾಸು. ಈಸ್ಟ್ರೊಜೆನ್ ಹಾರ್ಮೋನ್ ಕಡಿಮೆಯಾದಂತೆ ಪೃಷ್ಠ, ತೊಡೆಯ ಬದಲು ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ತಿನ್ನುವುದು ಜಾಸ್ತಿಯಾಗದೆ ಇದ್ದರೂ, ತೂಕ ಹೆಚ್ಚದೆ ಇದ್ದರೂ ಆಕಾರ ಬದಲಾಗುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದೂ ಇದೇ ಸಮಯದಲ್ಲಿ. ಪಾಲಿಯೆಸ್ಟರ್ ಸೀರೆ, ಸಿಂಥೆಟಿಕ್ ಲೈನಿಂಗ್ ಹಾಕಿದ ಬ್ಲೌಸ್ ಆಗ ನಿಜವಾದ ಹಿಂಸೆ. ಲೈನಿಂಗ್ ಕಾಟನ್ನೇ ಹಾಕಿ ಅಂತ ಟೈಲರ್‌ಗೆ ಒತ್ತಿ ಹೇಳಬೇಕು. ಹೇಳದಿದ್ದರೆ ಅಂಗಡಿಯಲ್ಲಿ ಯಾವುದಿದೆಯೋ ಅದನ್ನೇ ಹಾಕಿಬಿಡುತ್ತಾರೆ.

ಒಳಉಡುಪಿನ ಬಗ್ಗೆ ಮಾತಾಡೋಕೆ ನಮಗೆ ಮುಜುಗರ. ಆದರೆ ಮಾತಾಡದೆ ಈ ವಿಷಯ ಪೂರ್ತಿ ಆಗುವುದಿಲ್ಲ. ಇಪ್ಪತ್ತು ವರ್ಷದಿಂದ ಅದೇ ಸೈಜ್ ಬ್ರಾ ಕೊಳ್ಳುವವರು ಬಹಳ ಜನ ಇದ್ದಾರೆ. ಕೌಂಟರಿನಲ್ಲಿ ಗಂಡಸರಿದ್ದರೆ ಮೆಲ್ಲಗೆ ಸೈಜ್ ಹೇಳಿ, ಕಟ್ಟಿಸಿಕೊಂಡು ಬಂದುಬಿಡುತ್ತೇವೆ. ಆಧಾರ ಕೊಡಬೇಕಾದದ್ದು ಎದೆಯ ಕೆಳಗಿನ ಪಟ್ಟಿ, ಭುಜದ ಸ್ಟ್ರಾಪ್ ಅಲ್ಲ. ಭುಜದಲ್ಲಿ ಗುಳಿ ಬಿದ್ದಿದ್ದರೆ, ಬೆನ್ನ ಮೇಲೆ ಪಟ್ಟಿ ಮೇಲಕ್ಕೆ ಏರುತ್ತಿದ್ದರೆ ಸೈಜ್ ತಪ್ಪಿದೆ ಅಂತಲೇ ಅರ್ಥ. ಈಗ ಹೆಣ್ಣುಮಕ್ಕಳೇ ಅಳತೆ ನೋಡಿ ಕೊಡುವ ಅಂಗಡಿಗಳಿವೆ. ಬ್ಲೌಸ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ.

ಲಂಗದ ಮಾತೂ ಅಷ್ಟೇ. ಸುತ್ತ ನೆರಿಗೆ ಹಿಡಿದ ದಪ್ಪ ಕಾಟನ್ ಲಂಗ, ಅದಕ್ಕೊಂದು ಲಾಡಿ, ಅದರ ಮೇಲೆ ಸೀರೆಯ ನೆರಿಗೆ. ಹೊಟ್ಟೆಯ ಮೇಲೆ ಇಷ್ಟು ಬಟ್ಟೆ ಗುಡ್ಡೆ ಬಿದ್ದರೆ ಯಾರಾದರೂ ದಪ್ಪ ಕಾಣುತ್ತಾರೆ. ತುಂಡು ಜೋಡಿಸಿ ಹೊಲಿದ, ಸೊಂಟದಲ್ಲಿ ನೆರಿಗೆ ಇಲ್ಲದ, ಅಗಲ ಪಟ್ಟಿಯ ಲಂಗ ಹೊಲಿಸಿ. ಇದು ಬರೀ ಅಂದದ ಮಾತಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಲಾಡಿ ಬಿಗಿದು ಕಪ್ಪು ಗೆರೆ, ಹುಣ್ಣು ಆಗುತ್ತದೆ. ಬಹಳ ಅಪರೂಪಕ್ಕೆ ಆ ಹುಣ್ಣು ಚರ್ಮದ ಕ್ಯಾನ್ಸರ್‌ಗೆ ತಿರುಗಿದ್ದೂ ಇದೆ. 2024ರಲ್ಲಿ ನಮ್ಮ ದೇಶದ ಇಬ್ಬರು ಹಿರಿಯ ಹೆಂಗಸರ ಇಂಥ ಪ್ರಕರಣಗಳನ್ನು ಬಿಎಂಜೆ ಕೇಸ್ ರಿಪೋರ್ಟ್ಸ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಸೊಂಟದ ಗೆರೆ ವಾಸಿಯಾಗದೆ ಹುಣ್ಣಾಗಿದ್ದರೆ ಮುಚ್ಚಿಟ್ಟುಕೊಳ್ಳದೆ ಡಾಕ್ಟರಿಗೆ ತೋರಿಸಿ.

ಸೀರೆಗಳ ಬಗ್ಗೆ ನನಗೆ ಚಿಂತೆ ಇಲ್ಲ. ಸ್ಟೈಲ್ ಬದಲಾಯಿಸುವುದು ಅಂದರೆ ಇರುವುದನ್ನೆಲ್ಲ ಎಸೆದು ಹೊಸದು ಕೊಳ್ಳುವುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ. ಮೈಸೂರು ಸಿಲ್ಕನ್ನೇ ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಅದೇ ಸಾದಾ ಮೈ, ಜರಿ ಅಂಚು ಚೆನ್ನಾಗಿ ಕಾಣುತ್ತದೆ. ಹುರಿ ಹಾಕಿದ ನೂಲಿನಿಂದ ನೇಯ್ದ ಕ್ರೇಪ್ ಆದ್ದರಿಂದ ಅದು ಸೆಟೆದು ನಿಲ್ಲುವುದಿಲ್ಲ, ಮೈಗೆ ಹೊಂದಿಕೊಂಡು ಇಳಿಯುತ್ತದೆ. ಸೊಂಟ ದಪ್ಪಗಾದ ಮೇಲೆ ಇದಕ್ಕಿಂತ ಒಳ್ಳೆ ಸೀರೆ ಇಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಚೆಂದವೇ, ಆದರೆ ಹೊಟ್ಟೆಯ ಹತ್ತಿರ ಅದು ಅಗಲ ಹೆಚ್ಚಿಸಿ ತೋರಿಸುತ್ತದೆ. ಗಂಜಿ ಇಲ್ಲದ ಮಲ್ ಕಾಟನ್ ಉಟ್ಟು ನೋಡಿ. ಒಂದು ಹೊಸ ರೇಷ್ಮೆ ಸೀರೆಯ ದುಡ್ಡಿನಲ್ಲಿ ಬೀರುವಿನಲ್ಲಿರುವ ಎಷ್ಟೋ ಸೀರೆಗಳಿಗೆ ಹೊಸ ಬ್ಲೌಸ್ ಆಗುತ್ತದೆ.

ಚೂಡಿದಾರ್ ಹಾಕುವವರಿಗೂ ಒಂದು ಮಾತು. ಮೈ ಮುಚ್ಚಿಕೊಳ್ಳಲಿ ಅಂತ ಡಬಲ್ ಎಕ್ಸೆಲ್ ಕುರ್ತಾ ತಂದುಕೊಳ್ಳುತ್ತೇವೆ. ಅದು ಎದೆಯಿಂದ ಶುರುವಾಗಿ ಗುಡಾರದ ಹಾಗೆ ಕೆಳಗಿಳಿಯುತ್ತದೆ. ಒಳಗಿರುವ ಮೈ ಇರುವುದಕ್ಕಿಂತ ಎರಡು ಪಟ್ಟು ಕಾಣುತ್ತದೆ. ಕುರ್ತಾ ಕೊಳ್ಳುವಾಗ ಭುಜದ ಹೊಲಿಗೆ ನೋಡಿ. ಅದು ಭುಜದ ಮೂಳೆಯ ತುದಿಗೆ ಸರಿಯಾಗಿ ಕೂತರೆ ಉಳಿದದ್ದನ್ನು ಆಲ್ಟರ್ ಮಾಡಿಸಬಹುದು. ಭುಜವೇ ಜಾರುತ್ತಿದ್ದರೆ ಆ ಬಟ್ಟೆ ಬಿಟ್ಟುಬಿಡಿ. ಗಿಡ್ಡ ಕುರ್ತಾ, ತೆಳು ಲೆಗ್ಗಿಂಗ್ಸ್ ಜೋಡಿ ಯಾರಿಗೂ ಹೊಂದುವುದನ್ನು ನಾನು ನೋಡಿಲ್ಲ. ಕಣಕಾಲಿನವರೆಗಿನ ಸ್ಟ್ರೈಟ್ ಪ್ಯಾಂಟ್ ಎಷ್ಟೋ ವಾಸಿ.

ಬಣ್ಣದ ವಿಷಯದಲ್ಲಿ ನಾನು ಜಗಳಕ್ಕೇ ನಿಲ್ಲುತ್ತೇನೆ. ವಯಸ್ಸಾದರೆ ತಿಳಿ ಬಣ್ಣ ಉಡಬೇಕು ಅನ್ನೋ ನಿಯಮ ಯಾರು ಮಾಡಿದರು? ಕೂದಲು ನರೆತು ಮುಖ ಬಿಳಿಚಿಕೊಂಡಾಗ ಬೂದು, ಬಿಸ್ಕತ್ ಬಣ್ಣ ಉಟ್ಟರೆ ಇರುವ ಕಳೆಯೂ ಹೋಗುತ್ತದೆ. ಅರಿಶಿನ, ಕುಂಕುಮದ ಕೆಂಪು, ನವಿಲು ಬಣ್ಣ, ರಾಮಾ ಗ್ರೀನ್ ನಮ್ಮ ಮೈಬಣ್ಣಕ್ಕೆ ಐವತ್ತರಲ್ಲೂ ಒಪ್ಪುತ್ತವೆ, ಎಪ್ಪತ್ತರಲ್ಲೂ ಒಪ್ಪುತ್ತವೆ. ಕೂದಲಿಗೆ ಬಣ್ಣ ಹಚ್ಚುವುದು, ಬಿಡುವುದು ಅವರವರ ಇಷ್ಟ. ಹಚ್ಚುವುದಾದರೆ ಅಚ್ಚ ಕಪ್ಪಿನ ಬದಲು ಸ್ವಲ್ಪ ಕಂದು ಇರಲಿ, ಮುಖ ಮೃದುವಾಗಿ ಕಾಣುತ್ತದೆ. 48 ಗಂಟೆ ಮೊದಲು ಚರ್ಮದ ಮೇಲೆ ಹಚ್ಚಿ ಪರೀಕ್ಷೆ ಮಾಡಿ ಅಂತ ಡೈ ಪ್ಯಾಕೆಟ್ ಮೇಲೆ ಬರೆದಿರುತ್ತದಲ್ಲ, ಅದನ್ನು ದಯವಿಟ್ಟು ಪಾಲಿಸಿ. ಪಿಪಿಡಿ ಅನ್ನೋ ರಾಸಾಯನಿಕಕ್ಕೆ ಅಲರ್ಜಿ ಆದರೆ ಮುಖವೆಲ್ಲ ಊದಿಕೊಳ್ಳುತ್ತದೆ. ಹತ್ತು ವರ್ಷ ಏನೂ ಆಗದವರಿಗೂ ಆಗಬಹುದು.

ಇನ್ನು ಹಾಸನದ ಚಳಿ. ಡಿಸೆಂಬರ್ ಬಂತೆಂದರೆ ಸೀರೆಯ ಮೇಲೆ ಜುಂಗು ಎದ್ದ ಹಳೇ ಸ್ವೆಟರ್, ಮೇಲಿನ ಒಂದು ಗುಂಡಿ ಮಾತ್ರ ಹಾಕಿರುತ್ತೇವೆ. ಸೊಂಟದವರೆಗೆ ಬರುವ, ಭುಜಕ್ಕೆ ಸರಿ ಕೂರುವ ಒಂದು ಸ್ವೆಟರ್, ಇಲ್ಲವೇ ಒಳ್ಳೆಯ ಒಂದು ಶಾಲು ತಂದಿಟ್ಟುಕೊಳ್ಳಿ. ಚಪ್ಪಲಿ, ಕನ್ನಡಕದ ಫ್ರೇಮ್‌ಗೂ ಇದೇ ಮಾತು. ಪಾದ ಕೂಡ ವಯಸ್ಸಾದಂತೆ ಅಗಲವಾಗುತ್ತದೆ.

ಗಂಡಸರನ್ನು ಬಿಟ್ಟರೆ ತಪ್ಪಾಗುತ್ತದೆ. ಹೊಟ್ಟೆಯ ಕೆಳಗೆ ಬೆಲ್ಟು ಬಿಗಿದು, ಗುಂಡಿಗಳ ನಡುವೆ ಬನಿಯನ್ ಕಾಣುವ ಶರ್ಟ್ ಹಾಕಿಕೊಂಡು ಓಡಾಡುವ ಅಣ್ಣಂದಿರೇ, ನಿಮಗೂ ಹೊಸ ಅಳತೆ ಬೇಕು. ಎರಡು ಶರ್ಟ್ ಹೊಲಿಸಿಕೊಳ್ಳಿ, ಇಲ್ಲವೇ ಒಂದು ಸೈಜ್ ದೊಡ್ಡದು ಕೊಂಡು ತೋಳು ಗಿಡ್ಡ ಮಾಡಿಸಿ. ನಿಮಗೆ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಹತ್ತು ವರ್ಷ ಚಿಕ್ಕವರಾಗಿ ಕಾಣಬೇಕು ಅನ್ನೋ ಜಾಹೀರಾತುಗಳ ಮೇಲೆ ನನಗೆ ನಂಬಿಕೆ ಇಲ್ಲ, ಆ ಆಸೆಯೂ ಇಲ್ಲ. ಮಗಳ ಟಾಪ್ ಹಾಕಿಕೊಳ್ಳಿ ಅಂತಲೂ ನಾನು ಹೇಳುತ್ತಿಲ್ಲ. ಆದರೆ "ಸೊಸೆ ಬರೋ ವಯಸ್ಸಲ್ಲಿ ಇದೆಲ್ಲ ಬೇಕಾ" ಅಂತ ಕೇಳುವವರಿಗೆ ಉತ್ತರ ಕೊಡಲೇಬೇಕು. ಬೇಕು. ಬೆಳಗ್ಗೆ ಐದಕ್ಕೆ ಎದ್ದು ಮನೆಯವರಿಗೆಲ್ಲ ಡಬ್ಬಿ ಕಟ್ಟಿ, ಕೆಲಸಕ್ಕೆ ಹೋಗಿ ಬರುವ ಹೆಂಗಸು ತನ್ನ ಮೈ ಅಳತೆಗೆ ಅರ್ಧ ಗಂಟೆ ಕೊಟ್ಟರೆ ಅದು ಶೋಕಿ ಅಲ್ಲ. ಬ್ಯಾಂಕಿನಲ್ಲಿ, ಆಫೀಸಿನಲ್ಲಿ ನಮ್ಮ ಜೊತೆ ಮಾತಾಡುವ ಧಾಟಿಯೇ ಬಟ್ಟೆ ನೋಡಿ ಬದಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಸರಿಯಲ್ಲ, ಆದರೆ ಹಾಗೇ ಇದೆ. ಅದಕ್ಕಿಂತ ಹೆಚ್ಚಾಗಿ, ತೋಳು ಎತ್ತೋಕೆ ಹೆದರದೆ, ಸೆರಗು ಎಳೆದೆಳೆದು ಮುಚ್ಚಿಕೊಳ್ಳದೆ ಒಂದು ದಿನ ಓಡಾಡುವ ಸುಖವೇ ಬೇರೆ. ಅತ್ತಿಗೆ ಈಗ ಮೈ ಅಳತೆ ಕೊಟ್ಟು ಹೊಲಿಸಿದ ಹೊಸ ಬ್ಲೌಸ್‌ಗೆ ತಮ್ಮ ಹಳೇ ಮೈಸೂರು ಸಿಲ್ಕ್ ಉಟ್ಟು ಗೃಹಪ್ರವೇಶಕ್ಕೆ ಬರುತ್ತಾರೆ, ಮದುವೆಗೂ ಬರುತ್ತಾರೆ. ಮಂಡಿನೋವು ಇದ್ದದ್ದು ನಿಜ, ಈಗಲೂ ಇದೆ. ಬರುವುದನ್ನು ಮಾತ್ರ ಬಿಟ್ಟಿಲ್ಲ.

ಹೊಲಿಸುವವರು ಈಗಲೇ ಹೋಗಿ. ಆಶ್ವೀಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ದೇವಸ್ಥಾನದ ಬಾಗಿಲು ತೆಗೆಯುತ್ತದೆ, ಬೆನ್ನಿಗೇ ದೀಪಾವಳಿ, ಆಮೇಲೆ ಮದುವೆ ಸೀಸನ್. ಆ ಹೊತ್ತಿಗೆ ಊರಿನ ಟೈಲರ್‌ಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ, ಕವರ್ ಇಟ್ಟು ಹೋಗಿ ಅಂದುಬಿಡುತ್ತಾರೆ. ಹೋಗುವಾಗ ದಿನಾ ಹಾಕುವ ಹಳೇ ಬ್ರಾ ಬೇಡ, ಸರಿಯಾದ ಸೈಜಿನದ್ದೇ ಹಾಕಿಕೊಂಡು ಹೋಗಿ, ಅಳತೆ ಅದರ ಮೇಲೆಯೇ ನಿಲ್ಲುತ್ತದೆ. ಮೊದಲು ಒಂದೇ ಒಂದು ಬ್ಲೌಸ್ ಹೊಲಿಸಿ. ತೋಳು ಎತ್ತಿ, ಕೂತು, ಬಗ್ಗಿ ನೋಡಿ, ಸರಿ ಅನ್ನಿಸಿದರೆ ಆಮೇಲೆ ಉಳಿದ ಪೀಸ್‌ಗಳನ್ನು ಕೊಡಿ. ಒಳಗೆ ಒಂದೊಂದೂವರೆ ಇಂಚು ಬಟ್ಟೆ ಬಿಟ್ಟು ಹೊಲಿಯೋಕೆ ಹೇಳುವುದನ್ನು ಮರೆಯಬೇಡಿ.