ಪೋ ಕಥೆಗಳ ಕನ್ನಡ ಪುಸ್ತಕಕ್ಕೆ ಹ್ಯಾರಿ ಕ್ಲಾರ್ಕ್‌ನ ಚಿತ್ರಗಳು ಬೇಕೆ?

ಅಮೆರಿಕದ ಭಯಾನಕ ಕಥೆಗಾರ ಎಡ್ಗರ್ ಅಲನ್ ಪೋನ ಕಥೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸುವ ಮಾತು ಉಡುಪಿಯ ನಮ್ಮ ಓದುಗರ ಬಳಗದಲ್ಲಿ ಬಂದಾಗ, ಅನುವಾದಕ್ಕಿಂತ ಚಿತ್ರಗಳ ಬಗ್ಗೆಯೇ ಹೆಚ್ಚು ಚರ್ಚೆಯಾಯಿತು. ಎರಡೂ ಕಡೆಯ ವಾದ ಇಲ್ಲಿದೆ.

ಪರ

ಪೋ ತೀರಿಕೊಂಡದ್ದು 1849ರಲ್ಲಿ. ಡಬ್ಲಿನ್ನಿನ ಹ್ಯಾರಿ ಕ್ಲಾರ್ಕ್ ಚಿತ್ರ ಬರೆದ ಅವನ ಕಥಾಸಂಕಲನ ಲಂಡನ್ನಿನಲ್ಲಿ ಹೊರಬಂದದ್ದು 1919ರಲ್ಲಿ. ಎಪ್ಪತ್ತು ವರ್ಷ ತಡವಾಗಿ ಬಂದರೂ ಈ ಚಿತ್ರಗಳು ಕಥೆಯ ಜತೆಗೇ ಹುಟ್ಟಿದವೆಂಬಂತೆ ಕೂತುಬಿಟ್ಟಿವೆ. ಕ್ಲಾರ್ಕ್ ಬಣ್ಣದ ಗಾಜಿನ ಕಿಟಕಿಗಳ ಕಲಾವಿದ, ತಂದೆಯ ಕಾರ್ಯಾಗಾರದಲ್ಲಿ ಪಳಗಿದವನು. ಕಿಟಕಿಯಲ್ಲಿ ಗಾಜಿನ ಚೂರುಗಳನ್ನು ಹಿಡಿದಿಡುವುದು ಸೀಸದ ಕಪ್ಪು ಪಟ್ಟಿ. ಕಾಗದದ ಮೇಲೆ ಆ ಕೆಲಸವನ್ನು ಅವನ ಶಾಯಿ ಮಾಡುತ್ತದೆ, ಕಪ್ಪು ದಟ್ಟವಾದಷ್ಟೂ ಅದರ ನಡುವಿನ ಬಿಳಿ ಮುಖ ಹೊತ್ತಿಕೊಂಡಂತೆ ಕಾಣುತ್ತದೆ. ಅರಳಿದ ಕಣ್ಣು, ಅಳತೆ ಮೀರಿ ನೀಳವಾದ ಬೆರಳು, ನಿಲುವಂಗಿಯ ಮೇಲೆ ಸಾಲುಸಾಲು ಸಣ್ಣ ಚುಕ್ಕೆ: ಹೆದರಿದ ಓದುಗನೂ ಪುಟ ಮಗುಚದೆ ಅಲ್ಲೇ ನಿಲ್ಲುತ್ತಾನೆ.

ಇದು ಅತಿಯಾಯಿತು ಎನ್ನುವವರು ಕರಾವಳಿಯವರಾಗಿದ್ದರೆ ನನಗೆ ಆಶ್ಚರ್ಯ. ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಕುಳಿತು, ಅಕ್ಕಿಹಿಟ್ಟು ಸುಣ್ಣದ ಚಿಟ್ಟಿಯನ್ನು, ಅಂದರೆ ಮುಳ್ಳಿನಂಥ ಬಿಳಿ ಚುಕ್ಕೆಗಳನ್ನು, ಒಂದೊಂದಾಗಿ ಮುಖಕ್ಕೆ ಇಡುತ್ತ ಗಂಟೆಗಟ್ಟಲೆ ಕಳೆಯುವುದನ್ನು ಕಂಡವರಿಗೆ, ರಾಕ್ಷಸನ ಮುಖಕ್ಕೆ ಇಷ್ಟು ಅಲಂಕಾರ ಯಾಕೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಬೀಭತ್ಸವನ್ನೂ ರಸಗಳ ಪಂಕ್ತಿಯಲ್ಲಿ ಕೂರಿಸಿದ ನಮಗೆ ಕ್ಲಾರ್ಕ್ ಪರಕೀಯನಲ್ಲ. ಅವನು 1931ರಲ್ಲೇ ತೀರಿಕೊಂಡದ್ದರಿಂದ ಹಕ್ಕುಸ್ವಾಮ್ಯದ ತೊಡಕೂ ಇಲ್ಲ. ಮಂಗಳೂರಿನ ಚಿತ್ರಕಲಾ ವಿದ್ಯಾರ್ಥಿಯೊಬ್ಬ ಈ ಪುಸ್ತಕವನ್ನು ಬರೀ ಚಿತ್ರಗಳಿಗಾಗಿ ಕೊಂಡರೂ ನಷ್ಟವೇನು?

ವಿರೋಧ

ಯಕ್ಷಗಾನದ ಮಾತು ಬಂದದ್ದು ಒಳ್ಳೆಯದೇ ಆಯಿತು. ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ಮುಖ ತೋರಿಸುವುದಿಲ್ಲ. ತೆರೆಯ ಹಿಂದೆ ಅಬ್ಬರ ಕೊಟ್ಟು, ಚೆಂಡೆಯ ಪೆಟ್ಟಿಗೆ ಸಭೆ ಹದಗೊಂಡ ಮೇಲಷ್ಟೇ ಪೂರ್ತಿ ಕಾಣಿಸಿಕೊಳ್ಳುತ್ತದೆ. ಪುಸ್ತಕದ ಚಿತ್ರಕ್ಕೆ ಆ ತೆರೆ ಇಲ್ಲ. ವಾಲ್ಡೆಮಾರ್ ಎಂಬವನ ಕಥೆಯನ್ನೇ ನೋಡಿ: ಸಾಯುವ ಗಳಿಗೆಯಲ್ಲಿ ಸಂಮೋಹನಕ್ಕೆ ಒಳಗಾಗಿ ಸುಮಾರು ಏಳು ತಿಂಗಳು ಹಾಗೇ ಉಳಿದವನ ದೇಹ ಕೊನೆಗೆ ಏನಾಯಿತು ಎಂಬುದನ್ನು ಪೋ ಕಟ್ಟಕಡೆಯ ವಾಕ್ಯದವರೆಗೆ ಬಚ್ಚಿಡುತ್ತಾನೆ. ಕ್ಲಾರ್ಕ್ ಚಿತ್ರಕ್ಕೆ ಆರಿಸಿಕೊಂಡದ್ದು ಅದೇ ಗಳಿಗೆಯನ್ನು. ಪುಟ ಸುಮ್ಮನೆ ಮಗುಚುವವನ ಕಣ್ಣಿಗೆ ಅದು ಮೊದಲೇ ಬಿದ್ದರೆ, ಕಥೆಯಲ್ಲಿ ಮತ್ತೆ ಉಳಿಯುವುದು ವರದಿ ಮಾತ್ರ.

ಇನ್ನೊಂದು ತಕರಾರು ಇದಕ್ಕಿಂತ ಆಳದ್ದು. 1843ರಲ್ಲಿ ಪ್ರಕಟವಾದ ‘ದಿ ಟೆಲ್‌ಟೇಲ್ ಹಾರ್ಟ್’ ಕಥೆಯಲ್ಲಿ ಕೊಲೆಗಾರನಿಗೆ ಹೆಸರಿಲ್ಲ, ರೂಪವಿಲ್ಲ. ಇರುವುದು ‘ನಾನು’ ಎನ್ನುವ ಧ್ವನಿ ಮಾತ್ರ. ನನಗೆ ಹುಚ್ಚಿಲ್ಲ ಎಂದು ಅವನು ವಾದಿಸುತ್ತಿದ್ದರೆ ಓದುಗ ಅವನ ತಲೆಯೊಳಗೇ ಸಿಕ್ಕಿಬೀಳುತ್ತಾನೆ, ನೆಲದ ಹಲಗೆಯಡಿಯ ಎದೆಬಡಿತ ತನಗೂ ಕೇಳಿಸಿತೇ ಎಂದು ಅನುಮಾನಿಸುತ್ತಾನೆ. ಚಿತ್ರ ಅವನಿಗೊಂದು ಮುಖ ಕೊಟ್ಟ ಕ್ಷಣ ನಾವು ಪ್ರೇಕ್ಷಕರಾಗಿ ಹೊರಗೆ ಬಂದುಬಿಡುತ್ತೇವೆ, ಹುಚ್ಚು ಬೇರೆ ಯಾರದೋ ಆಗುತ್ತದೆ.

ಅಲಂಕಾರವನ್ನು ನಾನೂ ಮೆಚ್ಚುತ್ತೇನೆ, ಮೆಚ್ಚದಿರುವುದು ಕಷ್ಟ. ಆದರೆ ಸತ್ತ ಹೆಣ್ಣುಗಳಿಗೂ ಅಷ್ಟು ಸೊಗಸಿನ ಉಡುಗೆ ತೊಡಿಸಿದರೆ ಬೀಭತ್ಸ ಮೆಲ್ಲನೆ ಶೃಂಗಾರದ ಕಡೆಗೆ ಜಾರುತ್ತದೆ. 1923ರ ಆವೃತ್ತಿಗೆ ಬಣ್ಣದ ಚಿತ್ರಗಳು ಸೇರಿದ ಮೇಲಂತೂ ಹೆದರಿಕೆ ಇನ್ನಷ್ಟು ತೆಳುವಾಯಿತು ಎಂಬುದು ನನ್ನ ಅನಿಸಿಕೆ. ಹಾಕಲೇಬೇಕು ಎಂದಾದರೆ ಚಿತ್ರಗಳನ್ನೆಲ್ಲ ಒಟ್ಟುಮಾಡಿ ಕೊನೆಯ ಕಥೆಯ ನಂತರ ಹೊಲಿಸಿ, ಯಾವ ಚಿತ್ರ ಯಾವ ಕಥೆಯದ್ದು ಎಂಬುದನ್ನು ಅಲ್ಲೇ ಅಡಿಯಲ್ಲಿ ಅಚ್ಚು ಹಾಕಿಸಲಿ. ಮುಖಪುಟಕ್ಕಂತೂ ಒಂದೂ ಬೇಡ.