ಇನ್ನೂರೈವತ್ತು ಎಂಬಿ ಒತ್ತುವರಿ

ಸಂಕ್ರಾಂತಿಗೆ ಮುಂಚಿನ ವಾರ ಹನುಮಂತನಗರದ ನಮ್ಮ ಮನೆಯಲ್ಲಿ ನನಗೆ ವಹಿಸಿರುವ ಕೆಲಸ ಒಂದೇ: ಅಟ್ಟ ಖಾಲಿ ಮಾಡುವುದು. ಹದಿನಾಲ್ಕು ವರ್ಷಗಳಿಂದ ವಹಿಸಿಯೇ ಇದೆ. 2024ರ ಜನವರಿ 10, ಬುಧವಾರ ಬೆಳಿಗ್ಗೆ ಏಣಿಯನ್ನು ಗೋಡೆಗೆ ಒರಗಿಸಿದ್ದೂ ಆಗಿತ್ತು. ಅಷ್ಟರಲ್ಲಿ ಕಂಪ್ಯೂಟರ್ ನನ್ನನ್ನು ಕಾಪಾಡಿತು. ಭದ್ರತಾ ಅಪ್‌ಡೇಟ್ ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ ಎಂದಿತು. ಏಣಿ ನಿಂತಲ್ಲೇ ನಿಂತಿತು.

ಮೈಕ್ರೋಸಾಫ್ಟ್ ಕಂಪನಿಯ ಈ ಅಪ್‌ಡೇಟ್‌ಗಳು ತಿಂಗಳ ಎರಡನೆಯ ಮಂಗಳವಾರ ಹೊರಡುತ್ತವೆ. 2003ರಿಂದಲೂ ಇದೇ ಪದ್ಧತಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಹತ್ತು ಗಂಟೆಯಾದಾಗ ಚಳಿಗಾಲದಲ್ಲಿ ನಮಗೆ ರಾತ್ರಿ ಹನ್ನೊಂದೂವರೆ. ಹಾಗಾಗಿ ಅವರ ಮಂಗಳವಾರದ ಪ್ರಸಾದ ನಮಗೆ ಬುಧವಾರ ಕಾಫಿಯ ಹೊತ್ತಿಗೆ ತಲುಪುತ್ತದೆ. ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಬಾರದೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಕಂಪನಿಯಲ್ಲಿ ಅಂಥ ಅಜ್ಜಿಯರು ಇಲ್ಲವೆಂದು ಕಾಣುತ್ತದೆ.

ಮತ್ತೆ ಪ್ರಯತ್ನಿಸಿದೆ. ಮತ್ತೆ ವಿಫಲ. ವೈಟ್‌ಫೀಲ್ಡಿನಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು ಅಲ್ಲಿಂದ ಬರುವಷ್ಟರಲ್ಲಿ ಮುಂದಿನ ತಿಂಗಳ ಅಪ್‌ಡೇಟ್ ಬಂದಿರುತ್ತದೆ. ಆದ್ದರಿಂದ ಚಿಕಿತ್ಸೆಯೆಲ್ಲ ಫೋನಿನಲ್ಲೇ.

"ಕೆಳಗೆ ಒಂದು ಕೋಡ್ ಇರುತ್ತದೆ, ಓದಿ ಮಾವ."

"ಸೊನ್ನೆ, ಇಂಟು, ಎಂಟು, ಸೊನ್ನೆ, ಸೊನ್ನೆ, ಏಳು, ಸೊನ್ನೆ, ಆರು, ನಾಲ್ಕು, ಮೂರು."

"ಇಂಟು ಅಲ್ಲ, ಎಕ್ಸ್."

"ನಮ್ಮ ಶಾಲೆಯಲ್ಲಿ ಅದು ಇಂಟು. ಮೊದಲೇ ಸೊನ್ನೆಯಿಂದ ಗುಣಿಸಿದ ಮೇಲೆ ಮುಂದೆ ಎಷ್ಟಿದ್ದರೂ ಸೊನ್ನೆಯೇ ತಾನೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್‌ಸ್ಟಾಲ್ ಆಗಲಿಲ್ಲ ಎಂದು ಅದರ ಅರ್ಥ" ಎಂದ.

"ಆಗಲಿಲ್ಲವೆಂದು ನನಗೂ ಗೊತ್ತು. ಏಕೆ ಆಗಲಿಲ್ಲ?"

"ಅದನ್ನು ಅದು ಹೇಳುವುದಿಲ್ಲ ಮಾವ."

ಮುಂದಿನ ಎರಡು ದಿನ ಮನೆಮದ್ದುಗಳ ಕಾಲ. ರೀಸ್ಟಾರ್ಟ್ ಮಾಡಿದೆ. ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ಇಳಿಸಿಕೊಂಡಿದ್ದ ಫೈಲ್‌ಗಳನ್ನೆಲ್ಲ ಅಳಿಸಿ, ಸೇವೆಯನ್ನು ಪುನಃ ಎಬ್ಬಿಸಿದೆ. ಮಹಡಿ ಮೇಲಿನ ಬಾಡಿಗೆಯ ಹುಡುಗನನ್ನು ಕರೆದೆ. ಅವನು ಪರದೆಯನ್ನು ಗಂಭೀರವಾಗಿ ನೋಡಿ, "ಇದರಲ್ಲಿ ದೋಷವಿದೆ ಸಾರ್" ಎಂದ. ಮುಂದೆ? "ನಾನು ಟೆಸ್ಟಿಂಗ್ ವಿಭಾಗ ಸಾರ್, ದೋಷ ಹುಡುಕುವುದಷ್ಟೇ ನನ್ನ ಕೆಲಸ" ಎಂದು ಕಾಫಿ ಕುಡಿದು ಹೋದ.

ಶುಕ್ರವಾರ ರಾತ್ರಿ ತಂಗಿಯ ಮಗ ಮೂಲ ಪತ್ತೆಹಚ್ಚಿದ. ಜಾಗ ಸಾಲದು! ನನ್ನ ಹಾರ್ಡ್‌ಡಿಸ್ಕಿನಲ್ಲಿ ನಾನೂರು ಜಿಬಿ ಖಾಲಿ ಬಿದ್ದಿದೆ ಎಂದು ವಾದಿಸಿದೆ. ಅದು ಹಾಲ್, ಮಾವ. ಅಪ್‌ಡೇಟ್‌ಗೆ ಬೇಕಾದದ್ದು ಮೂಲೆಯ ಸಣ್ಣ ಕೋಣೆ, ಎಂದ. ಕಂಪ್ಯೂಟರ್ ಏಳದೇ ಹೋದರೆ ಎಬ್ಬಿಸುವ ಸಲಕರಣೆಗಳನ್ನು ಡಿಸ್ಕಿನ ಕೊನೆಯಲ್ಲಿ ಅರ್ಧ ಜಿಬಿಯ ರಿಕವರಿ ಪಾರ್ಟಿಷನ್ನಿನಲ್ಲಿ ತುಂಬಿಟ್ಟಿರುತ್ತಾರೆ. ಈ ಅಪ್‌ಡೇಟ್‌ಗೆ ಅಲ್ಲಿ 250 ಎಂಬಿ ಖಾಲಿ ಇರಬೇಕು. ಜಾಗವಿಲ್ಲದಿದ್ದರೆ 'ಜಾಗವಿಲ್ಲ' ಎಂದು ಹೇಳಬೇಕಾದ ಭಾಗದಲ್ಲೂ ಒಂದು ತಪ್ಪು ನುಸುಳಿ, ಅದು 'ಆಗಲಿಲ್ಲ' ಎಂದಷ್ಟೇ ಹೇಳುತ್ತಿತ್ತು. ದೋಷದ ಸೂಚನೆಯೇ ದೋಷ. ಸದ್ಯ, ಕಂಪನಿ ಅದನ್ನು ಒಪ್ಪಿಕೊಂಡಿತ್ತು.

ಇಷ್ಟಕ್ಕೂ ಆ ಅಪ್‌ಡೇಟ್ ಏತಕ್ಕೆ? ಡಿಸ್ಕನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿದ್ದರೂ, ಕಂಪ್ಯೂಟರನ್ನೇ ಕೈವಶ ಮಾಡಿಕೊಂಡ ಕಳ್ಳ ಆ ಬೀಗ ದಾಟಬಹುದಾದ ಒಂದು ಕಂಡಿ ಇತ್ತಂತೆ, ಅದನ್ನು ಮುಚ್ಚಲು. ನನ್ನ ಡಿಸ್ಕಿಗೆ ಆ ಬೀಗವನ್ನೇ ಹಾಕಿಲ್ಲ.

"ಬೀಗವೇ ಇಲ್ಲದ ಮನೆಗೆ ಬೀಗದ ರಿಪೇರಿಯೇ? ಬನ್ನಿ, ಏಣಿ ಕಾಯುತ್ತಿದೆ" ಎಂದಳು ಹೆಂಡತಿ. ತಂಗಿಯ ಮಗನೂ ಬಿಟ್ಟುಬಿಡಿ ಎಂದ. ನಾನು ಬಿಡಲಿಲ್ಲ. 2017ರ ಮಾರ್ಚಿನಲ್ಲೇ ತೇಪೆ ಸಿದ್ಧವಿದ್ದರೂ ಹಾಕಿಕೊಳ್ಳದವರ ಕಂಪ್ಯೂಟರುಗಳನ್ನು ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹೇಗೆ ಒತ್ತೆ ಇಟ್ಟುಕೊಂಡಿತು, ಇಂಗ್ಲೆಂಡಿನ ಆಸ್ಪತ್ರೆಗಳು ಹೇಗೆ ರೋಗಿಗಳನ್ನು ವಾಪಸ್ ಕಳುಹಿಸಿದವು ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಪನ್ಯಾಸ ಕೊಟ್ಟೆ. ಏಣಿಯ ಕಡೆ ನೋಡಲಿಲ್ಲ.

ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಬ್ಯಾಕಪ್‌ಗೆಂದು ಒಂದು ಹಾರ್ಡ್‌ಡಿಸ್ಕ್ ತಂದೆ. ಪುಕ್ಕಟೆ ಅಪ್‌ಡೇಟ್‌ಗೆ ಅಲ್ಲಿಂದಾಚೆಗೆ ಬೆಲೆ ಬಂತು.

ಭಾನುವಾರ ಶಸ್ತ್ರಚಿಕಿತ್ಸೆ. ವಿಧಾನ ಬೆಂಗಳೂರಿನವರಿಗೆ ಹೊಸದಲ್ಲ. ಪಕ್ಕದ ಹಾಲ್ ಆದ ಸಿ ಡ್ರೈವನ್ನು 250 ಎಂಬಿಯಷ್ಟು ಒಳಕ್ಕೆ ತಳ್ಳಬೇಕು. ಮೂಲೆಯ ಕೋಣೆಯನ್ನು ಕೆಡವಬೇಕು. ಬಿಟ್ಟುಕೊಟ್ಟ ಜಾಗವನ್ನೂ ಸೇರಿಸಿ ದೊಡ್ಡದಾಗಿ ಕಟ್ಟಬೇಕು. ಶುದ್ಧ ಒತ್ತುವರಿ. ಖಾತೆ, ನಕ್ಷೆ, ಪಕ್ಕದವರ ತಕರಾರು, ಏನೂ ಇಲ್ಲ.

ಹೆಂಡತಿ ಪಕ್ಕದಲ್ಲೇ ಕುಳಿತು ದೊಡ್ಡ ತಟ್ಟೆಯಲ್ಲಿ ಎಳ್ಳು, ಕೊಬ್ಬರಿ, ಅಚ್ಚುಬೆಲ್ಲದ ಚೂರು ಬೆರೆಸುತ್ತಿದ್ದಳು. ಫೋನಿನಲ್ಲಿ ತಂಗಿಯ ಮಗ ಹೇಳಿದಂತೆ, ಆಜ್ಞೆಗಳನ್ನು ಬರೆಯುವ ಕಪ್ಪು ಕಿಟಕಿಯಲ್ಲಿ ಒಂದೊಂದೇ ಅಕ್ಷರ ಕುಟ್ಟಿದೆ. ಸಿ ಡ್ರೈವ್ ತಕರಾರಿಲ್ಲದೆ ಸರಿಯಿತು. ಕೆಡವುವ ಆಜ್ಞೆ ಬಂತು: ಡಿಲೀಟ್ ಪಾರ್ಟಿಷನ್ ಓವರ್‌ರೈಡ್. ನನ್ನ ಬೆರಳು ಎಂಟರ್ ಕೀಲಿಯ ಮೇಲೆ ನಿಂತಿತು.

"ಓವರ್‌ರೈಡ್ ಎಂದರೆ ಏನು?" ಎಂದಳು.

"ಯಾರು ಏನೇ ನೆಪ ಹೇಳಿದರೂ ಕೇಳದೆ ಅಳಿಸಿಹಾಕು ಎಂದು."

ಅದೇ ಕ್ಷಣಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಅದರ ಬ್ಯಾಟರಿ ಹತ್ತು ನಿಮಿಷದ್ದು, ಅದೂ ಹೊಸದಾಗಿದ್ದಾಗ. ಫೋನಿನಲ್ಲಿ "ಈಗ ಬೇಡ ಮಾವ" ಎಂದ ಹಾಗೂ ಕೇಳಿತು, "ಈಗ ಬೇಗ ಮಾವ" ಎಂದ ಹಾಗೂ ಕೇಳಿತು. ಒತ್ತಿಬಿಟ್ಟೆ. ಹೊಸ ಕೋಣೆ ಕಟ್ಟಿ ಸಲಕರಣೆಗಳನ್ನು ಒಳಗಿಡುವಾಗ ಕೀಬೋರ್ಡಿನ ಮೇಲೆ ನನ್ನ ಬೆವರಿನ ಹನಿ ಬಿತ್ತು. ಬೆಲ್ಲದ ಚೂರೊಂದು ಬಾಯಿಗೆ ಬಿತ್ತು, ಅವಳೇ ಹಾಕಿದ್ದು.

ಕರೆಂಟ್ ಬಂದ ಮೇಲೆ ಅಪ್‌ಡೇಟ್ ಎರಡೇ ನಿಮಿಷದಲ್ಲಿ ಕುಳಿತಿತು.

ಇನ್ನು ನೆಪಗಳು ಉಳಿದಿರಲಿಲ್ಲ. ಏಣಿ ಹತ್ತಿದೆ. ಮೊದಲ ಡಬ್ಬದಲ್ಲಿ ಕೆಟ್ಟ ಮೋಡೆಮ್ ಎರಡು, ಒಂದು ಮೊಳ ದಪ್ಪದ ವೈರಿನ ಸಿಂಬೆ, ಎಂದೋ ಗುಜರಿಗೆ ಹೋದ ಪ್ರಿಂಟರಿನ ಸಿಡಿ. ಇವೆಲ್ಲ ತುರ್ತಿಗೆ ಬೇಕಾದೀತು, ಬೇಕಿದ್ದರೆ ಕೋಣೆಯ ಬೀರುವನ್ನು ಒಂದಡಿ ಒಳಕ್ಕೆ ಸರಿಸಿ ಜಾಗ ಮಾಡೋಣ ಎಂದು ಮೇಲಿನಿಂದಲೇ ವಿವರಿಸಲು ಹೊರಟೆ.

ಏಣಿ ಹಿಡಿದು ನಿಂತಿದ್ದವಳು ತಲೆ ಎತ್ತಿ ನೋಡಿದಳು.

"ಓವರ್‌ರೈಡ್" ಎಂದಳು.