ಬಾಚಣಿಗೆ ನೋಡಿ ಮಾತ್ರೆ ಬಿಡಬೇಡಿ

ಖಿನ್ನತೆಯ ಮಾತ್ರೆ ಶುರುವಾದ ವಾರಕ್ಕೇ ಕೂದಲು ಉದುರತೊಡಗಿದರೆ, ಅದು ಬಹುಮಟ್ಟಿಗೆ ಮಾತ್ರೆಯ ಕೆಲಸವಲ್ಲ. ಬುಡಕ್ಕೆ ಪೆಟ್ಟು ಬಿದ್ದರೆ ಬೆಳೆಯುತ್ತಿದ್ದ ಕೂದಲು ಅವಧಿಗೆ ಮೊದಲೇ ವಿಶ್ರಾಂತಿಗೆ ಜಾರುತ್ತದೆ ನಿಜ. ಆದರೆ ಅಂದೇ ಬೀಳುವುದಿಲ್ಲ, 2–4 ತಿಂಗಳು ಅಲ್ಲೇ ಕಚ್ಚಿಕೊಂಡಿರುತ್ತದೆ. ಹಾಗಾಗಿ ಕ್ಯಾಲೆಂಡರನ್ನು ಹಿಂದಕ್ಕೆ ತಿರುವಿ. ಆಗ ಜ್ವರ ಬಂದಿತ್ತೇ? ಹೆರಿಗೆ, ಆಪರೇಷನ್? ಊಟ ಸೇರದೆ ತೂಕ ಇಳಿದಿತ್ತೇ? ಖಿನ್ನತೆಯೇ ಮಾಡಿದ ಕೆಲಸದ ಅಪವಾದ ಎಷ್ಟೋ ಸಲ ಮಾತ್ರೆಯ ತಲೆಗೆ ಬರುತ್ತದೆ.

ಉದುರಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಪುಟ್ಟ ಬಿಳಿ ಗಂಟಿದ್ದರೆ ಬುಡದಿಂದ ಬಂದದ್ದು, ಇಲ್ಲದಿದ್ದರೆ ನಡುವೆ ತುಂಡಾದದ್ದು. ತಲೆಗೆ ಸ್ನಾನ ಮಾಡಿ ಒಂದು ದಿನವಾದ ಮೇಲೆ 50–60 ಕೂದಲನ್ನು ಬೆರಳಲ್ಲಿ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಎಳೆಯಿರಿ. ಆರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರುವಿಕೆ ಜೋರಾಗಿದೆ ಎಂದರ್ಥ. ದುಂಡಗೆ ಬೋಳಾಗಿದ್ದರೆ ಅದು ಬೇರೆಯೇ ಕಾಯಿಲೆ, ಚರ್ಮದ ವೈದ್ಯರಿಗೆ ತೋರಿಸಿ.

ಎಲ್ಲ ಮಾತ್ರೆಗಳೂ ಒಂದೇ ಅಲ್ಲ. 2018ರ ಒಂದು ದೊಡ್ಡ ಅಧ್ಯಯನದಲ್ಲಿ ಹೋಲಿಸಿದವುಗಳ ಪೈಕಿ ಬುಪ್ರೋಪಿಯಾನ್‌ನಿಂದ ಕೂದಲು ಉದುರುವ ಅಪಾಯ ಹೆಚ್ಚು, ಪರಾಕ್ಸೆಟಿನ್‌ನಿಂದ ಕಡಿಮೆ ಎಂದು ಕಂಡಿತು. ಹಾಗಂತ ಪರಾಕ್ಸೆಟಿನ್ ಕೇಳಿ ಬರೆಸಿಕೊಳ್ಳಬೇಡಿ, ಬಿಡಲು ತೀರಾ ಕಷ್ಟ ಕೊಡುವ ಮಾತ್ರೆಗಳಲ್ಲಿ ಅದೂ ಒಂದು. ಜೊತೆಗೆ ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ಅಥವಾ ವಾಲ್ಪ್ರೊಯೇಟ್ ಇದ್ದರೆ ಮೊದಲ ಅನುಮಾನ ಅವುಗಳ ಮೇಲಿರಲಿ. ಲಿಥಿಯಂ ಥೈರಾಯ್ಡ್ ಗ್ರಂಥಿಯ ಕೆಲಸವನ್ನೂ ಕುಗ್ಗಿಸಬಲ್ಲದು, ಅದರಿಂದಲೂ ಕೂದಲು ಉದುರುತ್ತದೆ.

ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ರಕ್ತಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ರಕ್ತ ಕೊಡುವ 2–3 ದಿನ ಮೊದಲೇ ನಿಲ್ಲಿಸಿ, ಥೈರಾಯ್ಡ್ ವರದಿಯನ್ನೇ ಅದು ತಪ್ಪಾಗಿಸಿಬಿಡಬಹುದು.

‘ಕೂದಲಿಗಿಂತ ಜೀವ ದೊಡ್ಡದು’ ಎಂದು ಮಾತು ಮುಗಿಸುವ ವೈದ್ಯರ ಮೇಲೆ ನನ್ನ ತಕರಾರಿದೆ. ಹಾಗೆ ಹೇಳಿಸಿಕೊಂಡವರು ಮನೆಯಲ್ಲಿ ಸದ್ದಿಲ್ಲದೆ ಮಾತ್ರೆ ನಿಲ್ಲಿಸುತ್ತಾರೆ. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು, ನಿದ್ದೆಗೇಡು ಶುರುವಾಗಬಹುದು, ಖಿನ್ನತೆಯೂ ಮರಳಬಹುದು. ಕೂದಲು ಉದುರುವುದಂತೂ ಮರುದಿನವೇ ನಿಲ್ಲುವುದಿಲ್ಲ, ಆಗಲೇ ವಿಶ್ರಾಂತಿಗೆ ಜಾರಿದ್ದು ಬಿದ್ದೇ ತೀರುತ್ತದೆ. ಕಾಯುವುದೋ, ಡೋಸ್ ಇಳಿಸುವುದೋ, ಮಾತ್ರೆ ಬದಲಿಸುವುದೋ ಎಂದು ವೈದ್ಯರನ್ನು ನೇರವಾಗಿ ಕೇಳಿ.

ಇನ್ನು ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಔಷಧಿ ಮಿನಾಕ್ಸಿಡಿಲ್. ಹಚ್ಚಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಬಹುದು, ಗಾಬರಿ ಬೇಡ. ಆದರೆ ಮಾತ್ರೆ ಬದಲಿಸುವಾಗಲೇ ಅದನ್ನೂ ಶುರುಮಾಡಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಮೊದಲು ಕಾಣುವುದು ಹಣೆಯಂಚಿನಲ್ಲಿ ಬಾಚಿದರೂ ಕೂರದೆ ನೆಟ್ಟಗೆ ನಿಲ್ಲುವ ಗಿಡ್ಡ ಕೂದಲು.